ನೀರು ಬಿಡುವ ಮುನ್ನ ಹೊರದಾರಿ

ಡ್ವಾರ್ಫ್ ಫೋರ್ಟ್ರೆಸ್ ಆಟದಲ್ಲಿ ಕೋಟೆ ಹಾಳಾಗಲು ನೂರು ಕಾರಣಗಳಿವೆ. ಗಾಬ್ಲಿನ್‌ಗಳ ದಂಡು ಬಂದು ಮುತ್ತಿಗೆ ಹಾಕುತ್ತದೆ. ಆಳದ ಗುಹೆಯಿಂದ ಯಾವುದೋ ಹಳೆಯ ಮೃಗ ಮೇಲೆದ್ದು ಬರುತ್ತದೆ. ಮದ್ಯ ಮುಗಿದು ಕುಬ್ಜರು ಮಂಕಾಗುತ್ತಾರೆ. ಇವೆಲ್ಲ ಹೊರಗಿನಿಂದ ಬರುವ ಆಪತ್ತು ಅಥವಾ ಗಮನ ತಪ್ಪಿದ ಕೊರತೆ. ಆಟಗಾರ ಯೋಜನೆ ಹಾಕಿ, ಅಗೆಸಿ, ಕೈಯಾರೆ ಒಳಗೆ ಕರೆದುಕೊಳ್ಳುವ ಆಪತ್ತೆಂದರೆ ನೀರು. ನದಿಯಿಂದ ಕೋಟೆಯೊಳಗಿನ ಬಾವಿಗೆ ಕಾಲುವೆ ತೋಡಿಸುತ್ತಾನೆ. ನೀರು ಬರುತ್ತದೆ, ಬಾವಿಯ ಕೆಳಗಿನ ತೊಟ್ಟಿ ತುಂಬುತ್ತದೆ. ತುಂಬಿದ ಮೇಲೂ ಬರುತ್ತಲೇ ಇರುತ್ತದೆ. ಬಾವಿಯ ಬಾಯಿಂದ ಉಕ್ಕಿ ಊಟದ ಮನೆಗೆ ನುಗ್ಗುತ್ತದೆ, ಅಲ್ಲಿಂದ ಮೆಟ್ಟಿಲಿಳಿದು ಉಗ್ರಾಣ, ಮಲಗುವ ಕೋಣೆ ಎಲ್ಲವನ್ನೂ ಹೊಗುತ್ತದೆ.

ಹೊಸಬರು ಇದನ್ನು ಆಟದ ಕ್ರೌರ್ಯ ಎಂದು ಬೈದು ಬಿಟ್ಟುಬಿಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಪ್ರವಾಹದಲ್ಲಿ ಅದೃಷ್ಟದ ಪಾಲು ಒಂದು ಹನಿಯೂ ಇಲ್ಲ. ನೀರು ಎಲ್ಲಿಗೆ ಹೋಗುತ್ತದೆ, ಎಷ್ಟು ಎತ್ತರ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಬೆರಳೆಣಿಕೆಯ ನಿಯಮಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಆ ನಿಯಮಗಳನ್ನು ಒಮ್ಮೆ ತಿಳಿದರೆ ಇದೇ ನೀರು ಕೋಟೆಯ ಕಂದಕವಾಗುತ್ತದೆ, ಹೊಲವಾಗುತ್ತದೆ, ಯಂತ್ರವಾಗುತ್ತದೆ.

ಆಟದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಅಮೆರಿಕದ ಅಣ್ಣತಮ್ಮಂದಿರಾದ ಜ್ಯಾಕ್ ಮತ್ತು ಟಾರ್ನ್ ಆಡಮ್ಸ್ 2002ರಲ್ಲಿ ಶುರುಮಾಡಿ, 2006ರ ಆಗಸ್ಟ್‌ನಲ್ಲಿ ಉಚಿತವಾಗಿ ಹೊರಬಿಟ್ಟ ಆಟ ಇದು. ಪ್ರೋಗ್ರಾಂ ಬರೆದವರು ಟಾರ್ನ್. ಕೆಲವೇ ಕುಬ್ಜರೊಂದಿಗೆ ಒಂದು ಬೆಟ್ಟದ ಬುಡಕ್ಕೆ ಬಂದಿಳಿದು, ಬಂಡೆ ಕೊರೆದು, ಅದರೊಳಗೇ ಊರು ಕಟ್ಟಬೇಕು. ಕುಬ್ಜರನ್ನು ನೇರವಾಗಿ ನಡೆಸಲು ಬರುವುದಿಲ್ಲ. ಇಲ್ಲಿ ಅಗೆಯಿರಿ, ಅಲ್ಲಿ ಕಟ್ಟಿರಿ ಎಂದು ಗುರುತು ಹಾಕಬಹುದು, ಪುರುಸೊತ್ತಾದವರು ಬಂದು ಮಾಡುತ್ತಾರೆ. ಮೊದಲ ವರ್ಷಗಳಲ್ಲಿ ಆಟದ ಲೋಕ ಒಂದೇ ಸಮತಟ್ಟಾಗಿತ್ತು. 2007ರ ಅಕ್ಟೋಬರ್‌ನಲ್ಲಿ ಅದಕ್ಕೆ ಮೇಲೆ ಕೆಳಗೆ ಅಂತಸ್ತುಗಳು ಬಂದವು. ನೀರಿಗೆ ಬೀಳಲು ಜಾಗ ಸಿಕ್ಕಿದ್ದು ಆಗ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಮೋಮಾ ಈ ಆಟವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಬಹುಕಾಲ ತೆರೆಯ ಮೇಲೆ ಬರೀ ಅಕ್ಷರ, ಚಿಹ್ನೆಗಳಷ್ಟೇ ಕಾಣುತ್ತಿದ್ದ ಆಟಕ್ಕೆ 2022ರ ಡಿಸೆಂಬರ್‌ನಲ್ಲಿ ಸ್ಟೀಮ್ ಮೂಲಕ ಚಿತ್ರಗಳೂ ಮೌಸಿನ ಅನುಕೂಲವೂ ಬಂದವು. ನೀರಿನ ನಡತೆ ಮಾತ್ರ ಅದೇ ಹಳೆಯದು.

ಇಡೀ ಲೋಕ ಚೌಕಗಳಿಂದ ಆಗಿದೆ. ಒಂದು ಚೌಕದಲ್ಲಿ ನೀರು 0ಯಿಂದ 7 ಅಳತೆಯವರೆಗೆ ನಿಲ್ಲಬಹುದು. 7 ಎಂದರೆ ನೆಲದಿಂದ ಚಾವಣಿಯವರೆಗೆ ಭರ್ತಿ. ಪಕ್ಕದ ಚೌಕದಲ್ಲಿ ಕಡಿಮೆ ಇದ್ದರೆ ಅತ್ತ ಹರಿದು ಸಮವಾಗುತ್ತದೆ, ಕೆಳಗೆ ಖಾಲಿ ಇದ್ದರೆ ಬೀಳುತ್ತದೆ. 3ರವರೆಗೆ ಕುಬ್ಜರು ನೀರಲ್ಲಿ ನಡೆದುಹೋಗುತ್ತಾರೆ. 4 ಮುಟ್ಟಿದರೆ ಆ ದಾರಿ ಅವರ ಪಾಲಿಗೆ ಇಲ್ಲ, ಅಷ್ಟರಲ್ಲಿ ಅಲ್ಲೇ ಸಿಕ್ಕಿಕೊಂಡವನಿಗೆ ಈಜು ಬಾರದಿದ್ದರೆ ಮುಳುಗುವ ಅಪಾಯ. 1 ಅಳತೆಯಷ್ಟು ತೆಳುವಾಗಿ ಹರಡಿದ ನೀರು ನಿಧಾನಕ್ಕೆ ಆವಿಯಾಗಿ ಹೋಗುತ್ತದೆ.

ಇಷ್ಟರಲ್ಲೇ ಕಾಲುವೆಯ ಲೆಕ್ಕದ ಅರ್ಧ ಮುಗಿಯಿತು. ಒಂದು ಹೊಂಡ ಒಟ್ಟು 10 ಚೌಕದ್ದಾಗಿದ್ದು ಪೂರ್ತಿ ತುಂಬಿದ್ದರೆ ಅದರಲ್ಲಿ 70 ಅಳತೆ ನೀರಿದೆ. ಅದನ್ನು 70 ಚೌಕದ ಕೋಣೆಗೆ ಬಿಟ್ಟರೆ ಪ್ರತಿ ಚೌಕಕ್ಕೆ ಸಿಗುವುದು 1. ಕೆಲವೇ ಹೊತ್ತಿನಲ್ಲಿ ಕೋಣೆ ಒಣಗಿ, ಕಲ್ಲುನೆಲದ ಮೇಲೆ ಕೆಸರಿನ ಪದರ ಉಳಿಯುತ್ತದೆ. ಬಾವಿ ಬೇಕಿದ್ದವನಿಗೆ ಇದು ಸೋಲು, ಹೊಲ ಬೇಕಿದ್ದವನಿಗೆ ಗೆಲುವು. ಬರಿಯ ಬಂಡೆಯ ಮೇಲೆ ಬೆಳೆ ಬರುವುದಿಲ್ಲ, ಕೆಸರು ಬೇಕು. ಬೇಕಾದಷ್ಟೇ ನೀರನ್ನು ಅಳೆದು ಬಿಟ್ಟು, ತಾನಾಗಿ ಒಣಗಲು ಬಿಟ್ಟರೆ ನೆಲದಡಿಯ ಗದ್ದೆ ಸಿದ್ಧ. ಉದ್ದದ, ಅಗಲದ ಕಾಲುವೆ ತೋಡಿ ಕೊನೆಯವರೆಗೆ ನೀರೇ ತಲುಪಲಿಲ್ಲ ಎಂದು ಕೊರಗುವವರೂ ಇದೇ ಲೆಕ್ಕ ಹಾಕಿ ನೋಡಬೇಕು. ಕಾಲುವೆ ಒಂದು ಚೌಕದ ಅಗಲವಿದ್ದರೆ ಸಾಕು. ಅಗಲ ಹೆಚ್ಚಿದಷ್ಟೂ ನೀರು ತೆಳುವಾಗಿ ದಾರಿಯಲ್ಲೇ ಆವಿಯಾಗುತ್ತದೆ.

ಹೊಂಡದ ನೀರಿಗೆ ಕೊನೆ ಇದೆ. ನದಿಯ ನೀರಿಗೆ ಇಲ್ಲ. ನದಿ ನಕ್ಷೆಯ ಅಂಚಿನಿಂದ ಬರುತ್ತದೆ, ಎಷ್ಟು ತೆಗೆದರೂ ತುಂಬಿಕೊಳ್ಳುತ್ತದೆ. ಇಲ್ಲಿಂದ ಒತ್ತಡದ ಮಾತು ಶುರು. ಕೋಟೆ ಮುಳುಗಿಸಿಕೊಂಡವರಲ್ಲಿ ಹೆಚ್ಚಿನವರು ಎಡವುವುದೂ ಇಲ್ಲೇ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು.

ಮೇಲಿನಿಂದ ಬಿದ್ದ ನೀರಿಗೆ ಕೆಳಗಿನ ಚೌಕ ಆಗಲೇ 7 ತುಂಬಿದೆ ಎಂದುಕೊಳ್ಳಿ. ಆಗ ಆಟದ ಪ್ರೋಗ್ರಾಂ ತುಂಬಿದ ಚೌಕಗಳ ಸಾಲನ್ನೇ ಹಿಡಿದುಕೊಂಡು, ಎಲ್ಲಿ ಜಾಗವಿದೆ ಎಂದು ಹುಡುಕುತ್ತಾ ಹೋಗುತ್ತದೆ. ಸಾಲು ಎಡಕ್ಕೆ ಹೋಗಬಹುದು, ಬಲಕ್ಕೆ ಹೋಗಬಹುದು, ಕೆಳಗಿಳಿದು ಮತ್ತೆ ಮೇಲೇರಲೂಬಹುದು. ಜಾಗ ಸಿಕ್ಕ ಕೂಡಲೇ ನೀರು ನಡುವಿನ ದೂರವನ್ನೆಲ್ಲ ಒಂದೇ ಹೆಜ್ಜೆಯಲ್ಲಿ ದಾಟಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ಮಿತಿ ಒಂದೇ: ತಾನು ಹೊರಟ ಮಟ್ಟಕ್ಕಿಂತ ಮೇಲೆ ಅದು ಏರುವುದಿಲ್ಲ. ಮನೆ ಕಟ್ಟುವ ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ಮೂಲೆಯ ಮಟ್ಟವನ್ನು ಇನ್ನೊಂದು ಮೂಲೆಗೆ ಒಯ್ಯುತ್ತಾನಲ್ಲ, ಅದೇ ಕತೆ. ಪೈಪು ನಡುವೆ ಎಷ್ಟು ಜೋತುಬಿದ್ದಿದ್ದರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಈಗ ಮುಳುಗಿದ ಕೋಟೆಯನ್ನು ಇದರ ಜೊತೆಗಿಟ್ಟು ನೋಡಿ. ನದಿ ಬೆಟ್ಟದ ಮೇಲ್ಮೈಯಲ್ಲಿದೆ. ಊಟದ ಮನೆ ಹತ್ತು ಅಂತಸ್ತು ಕೆಳಗೆ. ಬಾವಿಯ ತೊಟ್ಟಿ ಅದಕ್ಕೂ ಕೆಳಗೆ. ಆಟಗಾರನ ಮನಸ್ಸಿನಲ್ಲಿ ನೀರು ಇಳಿದು ತೊಟ್ಟಿಗೆ ಬಂದರೆ ಕೆಲಸ ಮುಗಿಯಿತು. ನೀರಿನ ಲೆಕ್ಕದಲ್ಲಿ ಅದಿನ್ನೂ ನದಿಯ ಮಟ್ಟಕ್ಕೆ ಮರಳಿ ಏರಬೇಕಾಗಿದೆ. ಊಟದ ಮನೆ ಆ ದಾರಿಯಲ್ಲಿ ಸಿಗುವ ಖಾಲಿ ಜಾಗ ಅಷ್ಟೇ. ಮೂಲಕ್ಕಿಂತ ಕೆಳಗೆ ತೆರೆದ ಬಾಯಿ ಇದ್ದರೆ ಅಲ್ಲಿ ಉಕ್ಕಿಯೇ ಉಕ್ಕುತ್ತದೆ. ಕಾಲುವೆ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ನೀರು ಎಲ್ಲಿಗೆ ಬರಬೇಕು ಎಂಬುದಲ್ಲ, ಬಂದ ಮೇಲೆ ಯಾವ ಮಟ್ಟದವರೆಗೆ ಏರಲು ಅದಕ್ಕೆ ಬಿಡುವಿದೆ ಎಂಬುದು.

ಇದಕ್ಕೆ ಆಟದೊಳಗೇ ಒಂದು ಮದ್ದಿದೆ. ಒತ್ತಡ ಹುಡುಕುವ ಸಾಲು ನಾಲ್ಕು ದಿಕ್ಕಿಗೆ ಮತ್ತು ಮೇಲೆ ಕೆಳಗೆ ಮಾತ್ರ ಸಾಗುತ್ತದೆ, ಮೂಲೆಯಿಂದ ಮೂಲೆಗೆ ಸಾಗುವುದಿಲ್ಲ. ಸಾಮಾನ್ಯ ಹರಿವು ಮಾತ್ರ ಮೂಲೆಯಲ್ಲೂ ಹಾಯುತ್ತದೆ. ಹಾಗಾಗಿ ಕಾಲುವೆಯನ್ನು ಒಂದು ಕಡೆ ಕೊರೆಯುವಾಗ ಎರಡು ಚೌಕಗಳು ಮೂಲೆಯಲ್ಲಷ್ಟೇ ತಾಗುವಂತೆ ಓರೆ ತಿರುವು ಕೊಟ್ಟರೆ, ನೀರು ದಾಟುತ್ತದೆ, ಒತ್ತಡ ಅಲ್ಲೇ ಉಳಿಯುತ್ತದೆ. ತಿರುವು ಯಾವ ಅಂತಸ್ತಿನಲ್ಲಿದೆಯೋ ಅದರಾಚೆಗೆ ನೀರು ಏರುವ ಮಿತಿಯೂ ಆ ಅಂತಸ್ತೇ. ಬಾವಿಯ ಬಾಯಿಗಿಂತ ಒಂದು ಅಂತಸ್ತು ಕೆಳಗೆ ಈ ತಿರುವು ಇಟ್ಟರೆ ತೊಟ್ಟಿ ಕಂಠಮಟ್ಟ ತುಂಬಿ ಸುಮ್ಮನಾಗುತ್ತದೆ, ಉಕ್ಕುವುದಿಲ್ಲ. ಹರಿವು ಸ್ವಲ್ಪ ಮಂದವಾಗುತ್ತದೆ, ತೊಟ್ಟಿ ತುಂಬಲು ಹೆಚ್ಚು ಹೊತ್ತು ಬೇಕು. ಆ ಬೆಲೆ ತೆರಲು ಯೋಗ್ಯ. ಈ ತಿರುವಿಗೆ ಯಂತ್ರ ಬೇಡ, ಕಾವಲು ಬೇಡ, ಯಾರೂ ಬಂದು ಏನನ್ನೂ ಎಳೆಯಬೇಕಾಗಿಲ್ಲ. ಇಡೀ ಆಟದಲ್ಲಿ ನಾನು ಅತ್ಯಂತ ಮೆಚ್ಚುವ ಕಟ್ಟೋಣ ಇದೇ.

ತೂಬಿನ ಗೇಟಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಹಾಗಂತ ಬಿಡುವಂತಿಲ್ಲ, ನೀರನ್ನು ಬೇಕೆಂದಾಗ ನಿಲ್ಲಿಸಲು ಅದು ಬೇಕೇ ಬೇಕು. ಗೇಟನ್ನು ಕಾಲುವೆಯಲ್ಲಿ ಕೂರಿಸಿ ದೂರದ ಒಂದು ಲಿವರ್‌ಗೆ ಜೋಡಿಸಬೇಕು. ಕಲ್ಲಿನಲ್ಲಿ ಕೆತ್ತಿದ ಯಂತ್ರಭಾಗಗಳು ಲಿವರ್ ಕಟ್ಟಲು ಒಂದು, ಜೋಡಣೆಗೆ ಎರಡು ಬೇಕು. ತೊಡಕು ಬರುವುದು ಎಳೆಯುವ ಹೊತ್ತಿಗೆ. ಲಿವರ್ ಎಳೆಯಿರಿ ಎಂದು ಗುರುತು ಹಾಕಿದ ಮೇಲೆ ಯಾರಾದರೂ ಕುಬ್ಜ ಆ ಕೆಲಸ ಕೈಗೆತ್ತಿಕೊಳ್ಳಬೇಕು. ಒಬ್ಬ ಮಲಗಿರುತ್ತಾನೆ, ಇನ್ನೊಬ್ಬ ಕುಡಿಯಲು ಹೋಗಿರುತ್ತಾನೆ, ಮೂರನೆಯವನು ನಾಲ್ಕು ಅಂತಸ್ತು ಕೆಳಗಿನಿಂದ ನಡೆದು ಬರುತ್ತಿರುತ್ತಾನೆ. ಎಳೆದ ಮೇಲೂ ಗೇಟು ಕದಲಲು ಆಟದ ಗಡಿಯಾರದ 100 ಗಳಿಗೆ ಬೇಕು, ಅಂದರೆ 1200 ಗಳಿಗೆಯ ಒಂದು ದಿನದಲ್ಲಿ ಹನ್ನೆರಡನೇ ಒಂದು ಪಾಲು. ಪ್ರವಾಹ ಕಣ್ಣಿಗೆ ಬಿದ್ದ ಮೇಲೆ ಲಿವರ್‌ನತ್ತ ಓಡಿಸಿದರೆ ತಡವಾಗಿರುತ್ತದೆ. ಆದ್ದರಿಂದ ಎರಡು ಗೇಟು ಇಡಿ, ಒಂದು ನದಿಯ ಬಾಯಲ್ಲಿ, ಇನ್ನೊಂದು ಕೋಟೆಯ ಹತ್ತಿರ. ಎರಡಕ್ಕೂ ಬೇರೆ ಬೇರೆ ಲಿವರ್ ಇರಲಿ. ಲಿವರ್‌ಗಳಿಗೆ ಹೆಸರು ಬರೆದಿಡಿ. ಸಾಲಾಗಿ ನಿಂತ ಆರು ಲಿವರ್‌ಗಳಲ್ಲಿ ಯಾವುದು ಸೇತುವೆಯದು, ಯಾವುದು ನದಿಯದು ಎಂದು ಮುತ್ತಿಗೆಯ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ.

ಕುಬ್ಜರ ಕೈ ಬೇಡ ಎನ್ನುವವರಿಗೆ ಒತ್ತುಹಲಗೆ ಇದೆ. ತೊಟ್ಟಿಯ ತಳದಲ್ಲಿ ಅದನ್ನಿಟ್ಟು, ನೀರು 0ಯಿಂದ 3 ಇದ್ದಾಗ ಸಂಕೇತ ಕೊಡು ಎಂದು ಹೊಂದಿಸಬಹುದು. ನೀರು ಇಳಿದಾಗ ಗೇಟು ತೆರೆದುಕೊಳ್ಳುತ್ತದೆ, ಏರಿದಾಗ ಮುಚ್ಚಿಕೊಳ್ಳುತ್ತದೆ. ಗೇಟಿನ ಆ ತಡವನ್ನು ಲೆಕ್ಕಕ್ಕೆ ಹಿಡಿದು ತೊಟ್ಟಿಯಲ್ಲಿ ಸಾಕಷ್ಟು ಬಿಡುವು ಬಿಟ್ಟಿರಬೇಕು.

ಕಾಲುವೆಯ ಕೊನೆಯ ಕಲ್ಲು ಒಡೆಯುವ ಕೆಲಸ ಬೇರೆಯೇ ಎಚ್ಚರ ಬೇಡುತ್ತದೆ. ಸುರಂಗದೊಳಗೆ ನಿಂತು ನದಿಯ ಪಕ್ಕದ ಗೋಡೆ ಒಡೆದ ಕುಬ್ಜನ ಮೇಲೆ ಇಡೀ ನದಿ ಬೀಳುತ್ತದೆ. ಅವನಿಗೆ ಹೆಸರಿದೆ, ಗೆಳೆಯರಿದ್ದಾರೆ, ಸತ್ತರೆ ಅವರು ಶೋಕದಲ್ಲಿ ಕುಸಿಯುತ್ತಾರೆ. ಆಟ ಇದನ್ನೆಲ್ಲ ಲೆಕ್ಕ ಇಟ್ಟುಕೊಳ್ಳುತ್ತದೆ. ಆದ್ದರಿಂದ ಸುರಂಗವನ್ನು ನದಿಗೆ ಒಂದು ಚೌಕ ಬಾಕಿ ಇರುವಂತೆ ನಿಲ್ಲಿಸಿ. ಗೇಟು ಕೂರಿಸಿ, ಲಿವರ್ ಜೋಡಿಸಿ, ಒಮ್ಮೆ ತೆರೆದು ಮುಚ್ಚಿ ನೋಡಿ. ಒಳಗಿರುವವರೆಲ್ಲ ಹೊರಗೆ ಬಂದ ಮೇಲೆ, ಉಳಿದ ಆ ಒಂದು ಚೌಕವನ್ನು ಮೇಲ್ಮೈಯಿಂದ ತೋಡಿಸಿ. ಅಗೆಯುವವನು ದಡದ ಮೇಲೆ ಒಣನೆಲದಲ್ಲಿ ನಿಂತಿರುತ್ತಾನೆ, ನೀರು ಅವನ ಕಾಲ ಕೆಳಗೆ ಹಾದುಹೋಗುತ್ತದೆ. ಚಳಿ ಪ್ರದೇಶದಲ್ಲಾದರೆ ಇನ್ನೊಂದು ಮಾತು ನೆನಪಿಡಿ. ಹೊರಗೆ ತೆರೆದುಕೊಂಡ ನೀರು ಚಳಿಗಾಲದಲ್ಲಿ ಒಮ್ಮೆಲೇ ಹೆಪ್ಪುಗಟ್ಟುತ್ತದೆ, ಅದರೊಳಗಿದ್ದ ಜೀವ ಅಲ್ಲೇ ಸಾಯುತ್ತದೆ. ನೆಲದಡಿ ಮುಚ್ಚಿದ ತೊಟ್ಟಿಗೆ ಆ ಭಯವಿಲ್ಲ.

ನೀರನ್ನು ಕೆಳಗಿಳಿಸಲು ಕಾಲುವೆ ಸಾಕು. ಮೇಲೆತ್ತಲು ತಿರುಪು ಪಂಪು ಬೇಕು, ಆರ್ಕಿಮಿಡೀಸನ ಹೆಸರಿನಲ್ಲಿ ಶಾಲೆಯ ಪುಸ್ತಕಗಳಲ್ಲಿ ಬರುವ ಅದೇ ತಿರುಪು. ಒಂದು ಕಡೆಯಿಂದ ಕೆಳಗಿನ ಅಂತಸ್ತಿನ ನೀರು ಹೀರಿ ಇನ್ನೊಂದು ಕಡೆ ತಾನಿರುವ ಅಂತಸ್ತಿನಲ್ಲಿ ಉಗುಳುತ್ತದೆ. ಕುಬ್ಜನೊಬ್ಬ ನಿಂತು ತಿರುಗಿಸಬಹುದು, ಇಲ್ಲವೇ 10 ಅಳತೆ ಶಕ್ತಿ ಕೊಡಬೇಕು. ಹರಿಯುವ ನೀರಿನ ಮೇಲೆ ಕೂರಿಸಿದ ಚಕ್ರ 100 ಕೊಡುತ್ತದೆ, ತಾನು ತಿರುಗಲು 10 ತಿನ್ನುತ್ತದೆ. ಉಳಿದ 90ರಲ್ಲಿ ಒಂಬತ್ತು ಪಂಪು ನಡೆಯುತ್ತವೆ. ಪಂಪಿನ ಮೇಲೆ ಪಂಪು ಪೇರಿಸಿದರೆ ಪಾತಾಳದಿಂದಲೂ ದ್ರವ ಮೇಲೆ ಬರುತ್ತದೆ. ಉಪ್ಪುನೀರು ಪಂಪಿನ ಮೂಲಕ ಹಾದರೆ ಸಿಹಿಯಾಗುತ್ತದೆ, ಸಮುದ್ರದ ದಂಡೆಯಲ್ಲಿ ಕೋಟೆ ಕಟ್ಟುವವರಿಗೆ ಇದು ಜೀವದಾನ.

ಇಲ್ಲಿ ಆಟದ ಭೌತಶಾಸ್ತ್ರ ಎಲ್ಲಿ ಸೋರುತ್ತದೆ ಎಂಬುದನ್ನೂ ಹೇಳಬೇಕು. ಒಂದೇ ಪಂಪು ಒಂದಿಷ್ಟು ನೀರನ್ನು ಚಕ್ರದಡಿಯಲ್ಲಿ ಸುತ್ತಿಸುತ್ತಿದ್ದರೆ, ಚಕ್ರ ಪಂಪನ್ನು ನಡೆಸಿಯೂ 80 ಅಳತೆ ಶಕ್ತಿ ಉಳಿಯುತ್ತದೆ. ಶೂನ್ಯದಿಂದ ಶಕ್ತಿ! ಹೊರಗಿನ ಲೋಕದಲ್ಲಿ ಇದು ಎಂದೂ ಆಗದು. ಒತ್ತಡದ ನೀರು ದೂರವನ್ನು ಒಂದೇ ಹೆಜ್ಜೆಯಲ್ಲಿ ದಾಟುವುದೂ ಆಗದು, ಮೂಲೆಯಲ್ಲಿ ಒತ್ತಡ ಸತ್ತುಹೋಗುವುದೂ ಆಗದು. ಇದನ್ನು ಜಲಶಾಸ್ತ್ರದ ಪಾಠವೆಂದು ಯಾರೂ ಓದಬಾರದು. ಪ್ರತಿ ಚೌಕಕ್ಕೂ ನಿಜವಾದ ಹರಿವಿನ ಸಮೀಕರಣ ಬಿಡಿಸುತ್ತಾ ಕುಳಿತರೆ ಮನೆಯ ಕಂಪ್ಯೂಟರು ತಡೆದುಕೊಳ್ಳುವುದಿಲ್ಲ. ಪೂರ್ಣಾಂಕದ ಏಳು ಅಳತೆ, ಅಕ್ಕಪಕ್ಕ ನೋಡುವ ಒಂದು ನಿಯಮ, ಜಾಗ ಹುಡುಕುವ ಇನ್ನೊಂದು ನಿಯಮ, ಇಷ್ಟರಲ್ಲೇ ನದಿ ನದಿಯಂತೆ ನಡೆದುಕೊಳ್ಳುತ್ತದೆ. ಹಾಗಿದ್ದೂ ನೀರು ಎಲ್ಲೆಡೆ ಚಲಿಸುತ್ತಿದ್ದರೆ ಆಟ ಕುಂಟುತ್ತದೆ. ನಿಂತ ನೀರು ಕಂಪ್ಯೂಟರಿಗೆ ಹಗುರ, ಕದಲುವ ನೀರು ಭಾರ. ದೊಡ್ಡ ಜಲಪಾತ ಕಟ್ಟುವ ಆಸೆ ಇರುವವರು ಇದನ್ನು ತಿಳಿದೇ ಕಟ್ಟಲಿ. ಜಲಪಾತದ ತುಂತುರು ಮೈಗೆ ತಾಗಿದ ಕುಬ್ಜರಿಗೆ ಮನಸ್ಸು ಹಗುರಾಗುತ್ತದೆ, ಊಟದ ಮನೆಯ ಬಾಗಿಲಲ್ಲಿ ಚಿಕ್ಕದೊಂದು ಇದ್ದರೂ ಸಾಕು.

ನೀರಿನ ವಿದ್ಯೆ ಕೈಗೆ ಹತ್ತಿದವರು ಶಿಲಾಪಾಕದ ಕಡೆ, ಅಂದರೆ ಮ್ಯಾಗ್ಮಾದ ಕಡೆ ತಿರುಗುತ್ತಾರೆ. ಅದಕ್ಕೂ 7 ಅಳತೆಯೇ. ಸ್ವಭಾವ ಮಾತ್ರ ಬೇರೆ: ನಿಧಾನವಾಗಿ ಹರಿಯುತ್ತದೆ, ಎತ್ತರದಿಂದ ಬಿದ್ದರೂ ಒತ್ತಡ ಹುಟ್ಟಿಸುವುದಿಲ್ಲ, ಪಂಪು ಎತ್ತಿದಾಗ ಮಾತ್ರ ಒತ್ತಡದಿಂದ ನುಗ್ಗುತ್ತದೆ. ಕುಲುಮೆಯ ಕೆಳಗೆ ಅದು 4 ಅಳತೆ ಇದ್ದರೆ ಇದ್ದಿಲಿಲ್ಲದೆ ಲೋಹ ಕರಗಿಸಬಹುದು. ಕಾಡು ಕಡಿಯುವ ಕೆಲಸ ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಗೇಟು, ಯಂತ್ರಭಾಗ, ಪಂಪು ಎಲ್ಲವೂ ಆ ಬಿಸಿ ತಾಳುವ ವಸ್ತುವಿನದಾಗಿರಬೇಕು. ಆಟದ ಶಿಲಾಪಾಕದ ಬಿಸಿಯನ್ನು ನಮ್ಮ ಅಳತೆಗೆ ತಂದರೆ ಸುಮಾರು 1111 ಡಿಗ್ರಿ ಸೆಲ್ಸಿಯಸ್. ತಾಮ್ರ ಕರಗುವುದು 1085ರಲ್ಲಿ, ಕಬ್ಬಿಣ 1538ರಲ್ಲಿ. ಈ ಅಂಕಿಗಳನ್ನು ಆಟ ನಿಜಲೋಕದಿಂದಲೇ ತೆಗೆದುಕೊಂಡಿದೆ. ತಾಮ್ರದ ಗೇಟು ಕರಗಿ ಹೋಗುತ್ತದೆ, ಕಬ್ಬಿಣದ್ದು ನಿಲ್ಲುತ್ತದೆ. ನೀರು ಮತ್ತು ಶಿಲಾಪಾಕ ಒಂದಕ್ಕೊಂದು ತಾಗಿದಲ್ಲಿ ಅಬ್ಸಿಡಿಯನ್ ಎಂಬ ಗಾಜುಗಲ್ಲು ಹುಟ್ಟುತ್ತದೆ. ಎರಡು ಕಾಲುವೆಗಳನ್ನು ಬೇಕೆಂದಲ್ಲಿ ಕೂಡಿಸಿದರೆ ಗೋಡೆಗಳನ್ನೇ ಎರಕ ಹೊಯ್ಯಬಹುದು, ಎಚ್ಚರ ತಪ್ಪಿ ಕೂಡಿದರೆ ಕಾಲುವೆ ಕಲ್ಲಾಗಿ ಕಟ್ಟಿಕೊಳ್ಳುತ್ತದೆ.

ಇದಕ್ಕೂ ಮುಂದೆ ಹೋದವರಿದ್ದಾರೆ. ಗೇಟು, ಒತ್ತುಹಲಗೆ, ಪಂಪುಗಳನ್ನು ಹೆಣೆದು, ನೀರು ಇದೆ ಎಂದರೆ ಒಂದು, ಇಲ್ಲ ಎಂದರೆ ಸೊನ್ನೆ ಎಂದು ಹಿಡಿದು, ಕೂಡಿಸುವ ಕಳೆಯುವ ಯಂತ್ರಗಳನ್ನು ಆಟಗಾರರು ಕೋಟೆಯೊಳಗೇ ಕಟ್ಟಿದ್ದಾರೆ. ಕಂಪ್ಯೂಟರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕಾಲುವೆಯ ನೀರು ತೋರಿಸಿಕೊಡುವ ಈ ಸಾಧ್ಯತೆ ನನಗೆ ದೊಡ್ಡದಾಗಿ ಕಾಣುತ್ತದೆ. ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟ್ರುಗಳು ಇದನ್ನು ಒಮ್ಮೆ ನೋಡಲೇಬೇಕು.

ಮತ್ತೆ ಮೊದಲ ಕಾಲುವೆ ತೋಡುವವರ ಕಡೆಗೆ ಬರೋಣ. ನೀರು ಒಳಗೆ ಬರುವ ದಾರಿಗೆ ಮುನ್ನ ಹೊರಹೋಗುವ ದಾರಿ ಮಾಡಿ. ಕೆರೆಗೆ ಕೋಡಿ ಇಲ್ಲದೆ ಏರಿ ಕಟ್ಟುವವರಿಲ್ಲ. ಕೋಟೆಯೊಳಗಿನ ತೊಟ್ಟಿಗೂ ಕೋಡಿ ಬೇಕು. ಆಟದಲ್ಲಿ ಅದಕ್ಕೆ ಸುಲಭದ ಉಪಾಯವಿದೆ. ತೊಟ್ಟಿಯಿಂದ ಒಂದು ಸುರಂಗವನ್ನು ನಕ್ಷೆಯ ಅಂಚಿನವರೆಗೆ ಒಯ್ದು, ಅಂಚಿನ ಬಂಡೆಯನ್ನು ನಯಮಾಡಿ, ಅದರಲ್ಲಿ ಬಾಣ ಬಿಡುವ ಕಿಂಡಿ ಕೆತ್ತಿಸಿದರೆ ನೀರು ಆ ಕಿಂಡಿಯಿಂದ ಲೋಕದಾಚೆ ಹರಿದುಹೋಗುತ್ತದೆ. ಆಚೆಯ ಜಾಗ ಎಂದೂ ತುಂಬುವುದಿಲ್ಲ. ಸುರಂಗಕ್ಕೊಂದು ಗೇಟು ಇಟ್ಟರೆ ತೊಟ್ಟಿ ಖಾಲಿ ಮಾಡಿ ದುರಸ್ತಿ ಮಾಡುವುದೂ ಸುಲಭ. ಇದರ ಅಗೆತ ದೊಡ್ಡದು, ಕಣ್ಣಿಗೆ ಕಾಣುವ ಲಾಭ ಆ ಹೊತ್ತಿಗೆ ಏನೂ ಇಲ್ಲ, ಹಾಗಾಗಿಯೇ ಹೆಚ್ಚಿನವರು ಇದನ್ನು ನಾಳೆಗೆ ತಳ್ಳುತ್ತಾರೆ. ದಯವಿಟ್ಟು ತಳ್ಳಬೇಡಿ.

ಸೋಲುವುದೇ ಮಜಾ ಎಂಬುದು ಈ ಆಟದ ಹೆಸರಾದ ಮಾತು. ಸೋತ ಮೇಲೆ ಯಾವ ನಿಯಮ ನಮ್ಮನ್ನು ಸೋಲಿಸಿತು ಎಂದು ಹುಡುಕಿದವರಿಗೆ ಮಾತ್ರ ಆ ಮಾತು ನಿಜ. ಮನೆಯಲ್ಲಿ ಆಟದ ಹುಚ್ಚಿರುವ ಹೈಸ್ಕೂಲು ಮಕ್ಕಳಿದ್ದರೆ ಅವರ ಜೊತೆ ಕುಳಿತು ಒಂದು ತೊಟ್ಟಿ, ಒಂದು ಓರೆ ತಿರುವು, ಒಂದು ಗೇಟು ಕಟ್ಟಿ ನೋಡಿ. ಚಿತ್ರಗಳಿರುವ ಆವೃತ್ತಿಗೆ ಹಣ ಕೊಡಬೇಕು. ಅಕ್ಷರ ಚಿಹ್ನೆಗಳ ಕ್ಲಾಸಿಕ್ ಆವೃತ್ತಿಯನ್ನು ಆಡಮ್ಸ್ ಸೋದರರ ಬೇ 12 ಗೇಮ್ಸ್ ತಾಣದಿಂದ ಇಂದಿಗೂ ಉಚಿತವಾಗಿ ಇಳಿಸಿಕೊಳ್ಳಬಹುದು, ನೀರು ಎರಡರಲ್ಲೂ ಒಂದೇ ರೀತಿ ಹರಿಯುತ್ತದೆ.